ಹಿಂದಣ ಓಣಿ

ಬೆಂಗಳೂರಿನ ಮಲ್ಲೇಶ್ವರದ ಹಳೆಯ ಅಡ್ಡರಸ್ತೆಗಳಲ್ಲಿ ಓಡಾಡಿದವರು, ಎರಡು ಸಾಲು ಮನೆಗಳ ಬೆನ್ನ ನಡುವೆ ಹಾಯುವ ಇಕ್ಕಟ್ಟಾದ ಓಣಿಯನ್ನು ಕಂಡಿರಬಹುದು. ಕನ್ಸರ್ವೆನ್ಸಿ ಓಣಿ ಎಂದು ಅದರ ಹೆಸರು. ನಾನು ಬೆಳೆದ ಮನೆಯ ಹಿತ್ತಿಲ ಗೋಡೆಯಲ್ಲಿ, ಆ ಓಣಿಯ ಕಡೆಗೆ, ಮೊಳದಗಲದ ಕಿಂಡಿಯೊಂದನ್ನು ಇಟ್ಟಿಗೆಯಿಟ್ಟು ಮುಚ್ಚಿದ್ದರು. ಅದೇನೆಂದು ಕೇಳಿದಾಗ ಅಜ್ಜಿ, "ಅವರು ಬಂದು ಹೋಗ್ತಿದ್ದ ಕಡೆ ಕಣೋ ಮಗು" ಎಂದರು. ಅವರೆಂದರೆ ಯಾರು, ಎಲ್ಲಿಂದ ಬರುತ್ತಿದ್ದರು ಎಂಬುದಕ್ಕೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ನಗರಗಳಲ್ಲಿ ಸಿರಿವಂತರ ಕೇರಿ, ಬಡವರ ಕೇರಿಗಳು ತಾವಾಗಿಯೇ ಬೆಳೆಯುತ್ತವೆಂದು ನಾವು ನಂಬಿದ್ದೇವೆ. ಬೆಂಗಳೂರಿನ ಮಟ್ಟಿಗೆ ಇದು ಅರ್ಧ ಸತ್ಯ. ಹಳೆಯ ಪೇಟೆಯಲ್ಲಿ ಕಸುಬಿಗೊಂದು ಕೇರಿಯಿತ್ತು; ಅಕ್ಕಿಪೇಟೆ, ಅರಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಸಾಕ್ಷಿ. ಅಲ್ಲಿ ಭೇದವಿರಲಿಲ್ಲವೆಂದು ಹೇಳಲಾರೆ. ಆದರೂ ಒಂದರಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆಯ ದಾರಿ. 1809ರಲ್ಲಿ ಇಂಗ್ಲಿಷರ ದಂಡು ಪೂರ್ವಕ್ಕೆ ನೆಲೆಯೂರಿ ಊರು ಎರಡಾದದ್ದು, ಎರಡು ಪೌರಾಡಳಿತಗಳು 1949ರಲ್ಲಿ ಒಂದಾದದ್ದು ಎಲ್ಲರೂ ಬಲ್ಲ ಕಥೆ. ಪೇಟೆಯ ನಮ್ಮವರೇ ಮಾಡಿಕೊಂಡ ವಿಂಗಡಣೆಯ ಮಾತು ಅಷ್ಟಾಗಿ ಬರುವುದಿಲ್ಲ.

ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ರೂಪುರೇಷೆ ಸಿದ್ಧವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. 1898ರ ಪ್ಲೇಗಿಗೆ ಪೇಟೆ ತತ್ತರಿಸಿದಾಗ ಅನುಕೂಲಸ್ಥರು ಅಲ್ಲಿಗೆ ಸಾಗತೊಡಗಿದರು. ಅಗಲವಾದ ಬೀದಿ, ಗಾಳಿ, ಬೆಳಕು, ಎಲ್ಲವೂ ಆರೋಗ್ಯಶಾಸ್ತ್ರದ ಹೆಸರಿನಲ್ಲಿ. ನಿವೇಶನಗಳನ್ನು ಜಾತಿ, ಮತ ನೋಡಿ ಭಾಗ ಭಾಗವಾಗಿ ಹಂಚಿದ್ದೂ ಉಂಟು. ಆದರೆ ಆ ನಕ್ಷೆಯ ನಿಜವಾದ ಜಾಣ್ಮೆಯಿದ್ದದ್ದು ಹಿಂದಣ ಓಣಿಯಲ್ಲಿ. ಮಲ ಹೊರುವವನು ಮುಂಬಾಗಿಲಿನ ಬೀದಿಯಲ್ಲಿ ಕಣ್ಣಿಗೆ ಬೀಳಬಾರದು. ಕಿಂಡಿಯಿಂದಲೇ ಕೈಯಿಟ್ಟು ತುಂಬಿಕೊಂಡು ಓಣಿಯಿಂದಲೇ ಹೊರಟುಹೋಗಬೇಕು. ನಮ್ಮ ಬೀದಿಯಲ್ಲಿ ಅವನಿಗೆ ಮನೆಯಿರಲಿಲ್ಲ, ಮನೆಗಳ ಬೆನ್ನಿಗೆ ದಾರಿಯಿತ್ತು. ಒಳಚರಂಡಿ ಬಂದ ಮೇಲೆ ನಮ್ಮ ಕಿಂಡಿ ಮುಚ್ಚಿತು. ನಾಡಿನ ಇತರ ಊರುಗಳಲ್ಲಿ ತಲೆಯ ಮೇಲಿನ ಹೊರೆ ಇಳಿದಿರಲಿಲ್ಲ.

1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆಗೆ 1993ರವರೆಗೆ ಕಾಯಬೇಕಾಯಿತು. ಸಾಹಿತ್ಯದವರಾದ ನಾವು ಮಾತ್ರ ಬಸವಲಿಂಗಪ್ಪನವರನ್ನು ನೆನೆಯುವುದು 1973ರ 'ಬೂಸಾ' ಮಾತಿನಿಂದ. ಕನ್ನಡ ಎಂ.ಎ. ತರಗತಿಗಳಲ್ಲಿ ನಾನೂ ಆ ಗಲಭೆಯನ್ನು ವರ್ಷ ವರ್ಷವೂ ವಿವರಿಸಿದೆ. ಆ ನಿಷೇಧದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಕಿಂಡಿಯಿದ್ದ ಗೋಡೆಗೆ ಒರಗಿಕೊಂಡೇ ನಾನು ಪರೀಕ್ಷೆಗೆ ಓದಿದ್ದು.