ಸೂಲಗಿತ್ತಿಯೂ ಪ್ರಸೂತಿವೈದ್ಯನೂ: ಗರ್ಭಿಣೀರಕ್ಷಣೆಯ ಇತಿಹಾಸದಲ್ಲೊಂದು ವಿಚಾರ

ಗರ್ಭಿಣಿಯ ರಕ್ಷಣೆಯನ್ನು ಸೂಲಗಿತ್ತಿಗೆ ಒಪ್ಪಿಸತಕ್ಕುದೋ ಪ್ರಸೂತಿವೈದ್ಯನಿಗೆ ಒಪ್ಪಿಸತಕ್ಕುದೋ ಎಂಬುದು ಆಸ್ಪತ್ರೆಗಳು ಬಂದ ಮೇಲೆ ಹುಟ್ಟಿದ ಪ್ರಶ್ನೆಯೆಂದು ಸಾಮಾನ್ಯವಾದ ಭಾವನೆ. ಒಂದು ಪಕ್ಷದವರು ಸೂಲಗಿತ್ತಿಯನ್ನು ಅಜ್ಞಾನದ ಮೂರ್ತಿಯೆಂದು ತಿರಸ್ಕರಿಸುವರು. ಇನ್ನೊಂದು ಪಕ್ಷದವರು ಅವಳನ್ನು ಪ್ರಾಚೀನ ಜ್ಞಾನದ ನಿಧಿಯೆಂದು ಕೊಂಡಾಡಿ ವೈದ್ಯನ ಶಸ್ತ್ರವನ್ನು ನಿಂದಿಸುವರು. ಆಯುರ್ವೇದದ ಸಂಹಿತೆಗಳನ್ನೂ ಶಾಸನಗಳನ್ನೂ ಈಚಿನ ದಾಖಲೆಗಳನ್ನೂ ಒಟ್ಟಿಗಿಟ್ಟು ನೋಡಿದರೆ ಈ ಎರಡು ಪಕ್ಷಗಳೂ ನಿಲ್ಲುವುದಿಲ್ಲ. ಪೂರ್ವಿಕರು ಇವರಿಬ್ಬರಲ್ಲಿ ಒಬ್ಬರನ್ನು ಆರಿಸಿದವರಲ್ಲ. ಇಬ್ಬರ ನಡುವೆ ಒಂದು ಎಲ್ಲೆಯನ್ನು ಹಾಕಿದವರು. ಆ ಎಲ್ಲೆ ಕೆಟ್ಟಲ್ಲೆಲ್ಲ ತಾಯಂದಿರ ಪ್ರಾಣಕ್ಕೆ ಹಾನಿಯೊದಗಿತೆಂಬುದೇ ಈ ಲೇಖನದ ಪ್ರತಿಪಾದ್ಯ.

ಮೊದಲು ಶಬ್ದಗಳ ವಿಚಾರ. ‘ಸೂಲು’ ಎಂದರೆ ಹೆರಿಗೆ. ತಮಿಳಿನ ‘ಚೂಲ್’, ತೆಲುಗಿನ ‘ಚೂಲು’ ಶಬ್ದಗಳು ಗರ್ಭವೆಂಬ ಅರ್ಥದಲ್ಲಿ ಇದರ ಸೋದರಗಳು. ‘ಒಕ್ಕಲಗಿತ್ತಿ’, ‘ಮದಲಗಿತ್ತಿ’ ಮೊದಲಾದವುಗಳಲ್ಲಿರುವ ಸ್ತ್ರೀವಾಚಕ ಪ್ರತ್ಯಯವು ಸೇರಿ ‘ಸೂಲಗಿತ್ತಿ’ಯಾಗಿದೆ. ‘ಹೆರಿಗೆ’ಯ ಮೂಲವಾದ ಹಳಗನ್ನಡದ ‘ಪೆಱು’ ಧಾತುವಿಗೆ ಪಡೆ, ಹೊಂದು ಎಂಬ ಅರ್ಥವೂ ಉಂಟು. ಪಾಶ್ಚಾತ್ಯರು ಪ್ರಸೂತಿವೈದ್ಯನಿಗೆ ಇಟ್ಟಿರುವ ಹೆಸರಾದರೋ ಲ್ಯಾಟಿನ್ ಭಾಷೆಯ ‘ಆಬ್‌ಸ್ಟೆಟ್ರಿಕ್ಸ್’ ಎಂಬ ಶಬ್ದದಿಂದ ಬಂದುದು. ಆ ಶಬ್ದದ ಅರ್ಥ ಸೂಲಗಿತ್ತಿಯೆಂದೇ. ಹೀಗೆ ವೈದ್ಯನ ಬಿರುದೇ ಸೂಲಗಿತ್ತಿಯಿಂದ ಪಡೆದ ಎರವಲು.

ಈ ವಿಚಾರಕ್ಕೆ ಹುನಗುಂದ, ಬಾದಾಮಿಗಳ ಸೀಮೆಯು ತಕ್ಕ ನೆಲೆಯಾಗಿದೆ. ಬಾದಾಮಿಯ ಸಮೀಪದ ನಾಗನಾಥಕೊಳ್ಳದಲ್ಲಿ ದೊರೆತ ಚಾಲುಕ್ಯಕಾಲದ ಲಜ್ಜಾಗೌರಿಯ ವಿಗ್ರಹವು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲಿ ಅದೇ ದೇವಿಗೆ ಸಂತಾನಾರ್ಥಿಗಳಾದ ಸ್ತ್ರೀಯರು ಇಂದಿಗೂ ಪೂಜೆ ಸಲ್ಲಿಸುತ್ತಾರೆ. ಕಾಲುಗಳನ್ನು ಮಡಿಚಿ ಅಗಲಿಸಿದ ಆ ಭಂಗಿಯನ್ನು ಪ್ರಸವದ ಭಂಗಿಯೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಆದರೆ ಈ ವಿಗ್ರಹಗಳಲ್ಲಿ ಶಿಶುವನ್ನು ಕಂಡರಿಸಿಲ್ಲವಾದುದರಿಂದ ಈ ಮತವು ಸರ್ವಸಮ್ಮತವಲ್ಲ. ಸಂತಾನವು ಇಲ್ಲಿಯ ಜನರಿಗೆ ಎಷ್ಟು ಪೂಜ್ಯವಾಗಿತ್ತೆಂಬುದನ್ನು ಶಿಲೆಯು ತಿಳಿಸುತ್ತದೆ. ಹೆರಿಗೆಯನ್ನು ಯಾರು, ಹೇಗೆ ಮಾಡಿಸುತ್ತಿದ್ದರೆಂಬುದನ್ನು ತಿಳಿಸುವುದಿಲ್ಲ. ಅದಕ್ಕೆ ಗ್ರಂಥಗಳನ್ನೇ ನೋಡಬೇಕು.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗಾರದ ವರ್ಣನೆಯಿದೆ. ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಒಳ್ಳೆಯ ನೆಲದಲ್ಲಿ ಅದನ್ನು ಕಟ್ಟಿಸಿ, ನೀರು, ಬೆಂಕಿ, ಒರಳು, ಮಲವಿಸರ್ಜನೆಯ ಸ್ಥಳ, ಸ್ನಾನದ ಸ್ಥಳ, ಅಡಿಗೆಯ ಸ್ಥಳ ಇವುಗಳನ್ನು ಅಣಿಗೊಳಿಸಬೇಕೆಂದು ವಿಧಿ. ಅಲ್ಲಿರತಕ್ಕ ಸ್ತ್ರೀಯರು ಹಲವು ಬಾರಿ ಹೆತ್ತವರೂ, ಸ್ನೇಹವುಳ್ಳವರೂ, ಸಮಯೋಚಿತವಾಗಿ ನಡೆಯಬಲ್ಲವರೂ, ಕ್ಲೇಶವನ್ನು ಸಹಿಸುವವರೂ ಆಗಿರಬೇಕು. ಸುಶ್ರುತನು ಇಂತಹ ನಾಲ್ವರನ್ನು ಹೇಳಿ, ಅವರ ವಯಸ್ಸು ಮಾಗಿರಬೇಕೆಂದೂ, ಪ್ರಸವಕಾರ್ಯದಲ್ಲಿ ಕುಶಲತೆ ಇರಬೇಕೆಂದೂ, ಉಗುರುಗಳನ್ನು ಕತ್ತರಿಸಿಕೊಂಡಿರಬೇಕೆಂದೂ ವಿಧಿಸುತ್ತಾನೆ. ನೋವಿಲ್ಲದಾಗ ಮುಕ್ಕಬಾರದೆಂದು ಗರ್ಭಿಣಿಗೆ ತಿಳಿಹೇಳುವುದೂ ಈ ಸ್ತ್ರೀಯರ ಕೆಲಸವೇ. ಸಹಜವಾದ ಹೆರಿಗೆಯು ಸ್ತ್ರೀಯರ ಕೈಯಲ್ಲಿಯೇ ಇದ್ದಿತೆಂಬುದು ಇದರಿಂದ ಸ್ಪಷ್ಟ. ಆದರೂ ಶಾಸ್ತ್ರವು ರೂಢಿಯನ್ನು ಪರೀಕ್ಷಿಸದೆ ಬಿಟ್ಟಿಲ್ಲ. ಹೆರಿಗೆ ಬೇಗನಾಗಲೆಂದು ಗರ್ಭಿಣಿಯಿಂದ ಒನಕೆ ಹಿಡಿಸಿ ಧಾನ್ಯ ಕುಟ್ಟಿಸಬೇಕೆಂಬ ಕೆಲವರ ಮತವನ್ನು ಎತ್ತಿಕೊಂಡು, ಅದು ಪ್ರಾಣಾಪಾಯಕರವೆಂದು ಆತ್ರೇಯನು ನಿರಾಕರಿಸುತ್ತಾನೆ.

ಎಲ್ಲೆಯ ಆಚೆಯ ಭಾಗವು ಸುಶ್ರುತನ ಚಿಕಿತ್ಸಾಸ್ಥಾನದ ಹದಿನೈದನೆಯ ಅಧ್ಯಾಯವಾದ ಮೂಢಗರ್ಭಚಿಕಿತ್ಸಿತದಲ್ಲಿದೆ. ಅಡ್ಡಬಿದ್ದ ಅಥವಾ ಸಿಕ್ಕಿಕೊಂಡ ಗರ್ಭವನ್ನು ಹೊರತೆಗೆಯುವುದಕ್ಕಿಂತ ಕಷ್ಟತರವಾದ ಕೆಲಸವಿಲ್ಲವೆಂದು ಅವನ ಅಭಿಪ್ರಾಯ. ಏಕೆಂದರೆ ಕಣ್ಣಿಗೆ ಕಾಣದೆಡೆಯಲ್ಲಿ ಸ್ಪರ್ಶದಿಂದಲೇ ಅದನ್ನು ಮಾಡಬೇಕು. ಆದುದರಿಂದ ವೈದ್ಯನು ಅಧಿಪತಿಯ ಅನುಮತಿಯನ್ನು ಪಡೆದು, ಪರಮಯತ್ನದಿಂದ ಕೈಹಾಕತಕ್ಕುದು. ಜೀವವಿರುವ ಶಿಶುವಿಗೆ ಶಸ್ತ್ರವನ್ನು ಎಂದಿಗೂ ತಾಗಿಸತಕ್ಕುದಲ್ಲ. ವೈದ್ಯನಿಗೆ ಇಷ್ಟು ನಿರ್ಬಂಧಗಳನ್ನು ಹಾಕಿದ ಶಾಸ್ತ್ರವು ಅವನನ್ನು ಎಲ್ಲ ಹೆರಿಗೆಗಳಿಗೂ ಕರೆಯಲಿಲ್ಲ. ಕರೆಯಲೇಬೇಕಾದ ಹೆರಿಗೆಗಳನ್ನು ಲಕ್ಷಣಸಹಿತವಾಗಿ ಹೇಳಿತು.

ಕನ್ನಡನಾಡಿನಲ್ಲಿ ವೈದ್ಯವಿದ್ಯೆಗೆ ಆಶ್ರಯವಿದ್ದುದಕ್ಕೆ ಸಾಕ್ಷ್ಯಗಳು ಹೇರಳವಾಗಿವೆ. ಹುನಗುಂದದ ಸೀಮೆಯ ಮರೋಳದಲ್ಲಿ ಚಾಲುಕ್ಯ ಇಮ್ಮಡಿ ಜಯಸಿಂಹನ ಕಾಲದ, 1024ರ ಶಾಸನವೊಂದಿದೆ. ಅದೇ ಅರಸನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೈದ್ಯವೂ ಒಂದು ವಿಷಯ. ಬಳ್ಳಿಗಾವೆಯ ಕೋಡಿಯಮಠದಲ್ಲಿ ನಾನಾ ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದು 1162ರ ಶಾಸನವು ಹೇಳುತ್ತದೆ. ನೆರೆಯ ಆಂಧ್ರದೇಶದ ಮಲ್ಕಾಪುರದ 1261ರ ಶಾಸನದಲ್ಲಿ ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಗೂ ದತ್ತಿ ಬಿಟ್ಟ ಸಂಗತಿಯಿದೆ. ಹೆರಿಗೆಗೆ ಬೇರೆಯೇ ಶಾಲೆಯೆಂಬ ಕಲ್ಪನೆಯು ಪರದೇಶದಿಂದ ಬಂದುದಲ್ಲವೆಂಬುದಕ್ಕೆ ಇದೊಂದೇ ಸಾಕು.

ಹೀಗಿರಲು ಸೂಲಗಿತ್ತಿಯ ಸ್ಥಿತಿಯು ಕೆಟ್ಟುದು ಹೇಗೆ? ಜನನಾಶೌಚದ ಭಾವನೆಯು ಬಲಿತು, ಸಂಹಿತೆಯು ಹೇಳಿದ ಶುಚಿಯಾದ ಸೂತಿಕಾಗಾರವು ಎಷ್ಟೋ ಮನೆಗಳಲ್ಲಿ ಗಾಳಿ ಬೆಳಕುಗಳಿಲ್ಲದ ಮೂಲೆಯಾಯಿತು. ಹೊಕ್ಕುಳಬಳ್ಳಿಯನ್ನು ಕತ್ತರಿಸುವುದು ಮೈಲಿಗೆಯ ಕೆಲಸವೆನಿಸಿ, ದಕ್ಷಿಣದೇಶದ ಹಲವೆಡೆ ಕ್ಷೌರಿಕ ವೃತ್ತಿಯ ಮನೆತನಗಳ ಸ್ತ್ರೀಯರ ಪಾಲಿಗೆ ಬಂದಿತು. ಚಿನ್ನ, ಬೆಳ್ಳಿ ಅಥವಾ ಕಬ್ಬಿಣದ ಹರಿತವಾದ ಆಯುಧವನ್ನು ಚರಕನು ಹೇಳಿದ್ದ ಕಡೆಯಲ್ಲಿ ಮನೆಯ ಕುಡುಗೋಲು ಬಂದಿತು. ಸಮಾಜವು ಅವಳಿಂದ ಸೇವೆಯನ್ನು ಪಡೆದು ವಿದ್ಯೆಯನ್ನೂ ಗೌರವವನ್ನೂ ಕೊಡಲಿಲ್ಲ. ಈ ದೋಷವು ಅವಳದಲ್ಲ.

ವೈದ್ಯನ ಕೈಯೇ ಸುರಕ್ಷಿತವೆಂಬುದೂ ಯಾವಾಗಲೂ ನಿಜವಾಗಿರಲಿಲ್ಲ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಎರಡು ಪ್ರಸೂತಿವಿಭಾಗಗಳಿದ್ದುವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಕೆಲಸಮಾಡುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕೂ ಮೇಲ್ಪಟ್ಟು ತಾಯಂದಿರು ಸತ್ತರೆ, ಎರಡನೆಯದರಲ್ಲಿ ಸತ್ತವರು ನೂರಕ್ಕೆ 3ಕ್ಕಿಂತ ಕಡಮೆ. ಶವಪರೀಕ್ಷೆ ಮಾಡಿದ ಕೈಯಿಂದಲೇ ಗರ್ಭಿಣಿಯರನ್ನು ಮುಟ್ಟುತ್ತಿದ್ದುದೇ ಕಾರಣವೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಹಿಡಿದು, 1847ರಲ್ಲಿ ಕ್ಲೋರಿನ್ ದ್ರಾವಣದಿಂದ ಕೈತೊಳೆಯುವ ನಿಯಮವನ್ನು ತಂದಾಗ ಮರಣವು ಬಹಳವಾಗಿ ಇಳಿಯಿತು. ಉಗುರು ಕತ್ತರಿಸಿದ ಕೈಯನ್ನು ವಿಧಿಸಿದ ಸುಶ್ರುತನ ಮಾತಿನ ಬೆಲೆಯು ಇಲ್ಲಿ ಅರಿವಾಗುತ್ತದೆ.

ಇನ್ನು ಈ ದೇಶದ ಈಚಿನ ಚರಿತ್ರೆ. ಸ್ತ್ರೀಯರಿಗೆ ಸ್ತ್ರೀವೈದ್ಯರ ಸಹಾಯವನ್ನು ಒದಗಿಸಲು 1885ರಲ್ಲಿ ಡಫರಿನ್ ನಿಧಿಯೂ, ಸೂಲಗಿತ್ತಿಯರಿಗೆ ಶಿಕ್ಷಣ ಕೊಡಲು 1903ರಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯೂ ಸ್ಥಾಪಿತವಾದುವು. ಆದರೂ ಭೋರ್ ಸಮಿತಿಯು 1946ರಲ್ಲಿ ವರದಿಯನ್ನೊಪ್ಪಿಸಿದಾಗ, ಸಾವಿರ ಜನನಗಳಿಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರೆಂದು ಅಂದಾಜು. ಶಿಕ್ಷಿತ ಸೂಲಗಿತ್ತಿಯರಾದರೋ ದೇಶದಲ್ಲೆಲ್ಲ ಸುಮಾರು 5,000 ಮಾತ್ರ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಹುನಗುಂದದಂತಹ ಸೀಮೆಯ ಗ್ರಾಮಗಳಲ್ಲಿ ಆರಿಸಿಕೊಳ್ಳಲು ಇಬ್ಬರಿದ್ದರೆಂಬುದೇ ಮಿಥ್ಯೆ. ವೈದ್ಯನು ದೂರದಲ್ಲಿದ್ದನು, ಸೂಲಗಿತ್ತಿಯು ಹತ್ತಿರದಲ್ಲಿದ್ದಳು. ಗರ್ಭವು ಅಡ್ಡಬಿದ್ದಾಗ ಆ ದೂರವೇ ಮೃತ್ಯುವಾಗುತ್ತಿತ್ತು.

2005ರ ಜನನಿ ಸುರಕ್ಷಾ ಯೋಜನೆಯೂ ಅನಂತರದ ತುರ್ತುವಾಹನಗಳೂ ಆ ದೂರವನ್ನು ಕುಗ್ಗಿಸಿದುವು. ಲಕ್ಷ ಜನನಗಳಿಗೆ ಕರ್ನಾಟಕದ ತಾಯಂದಿರ ಮರಣವು 2001–03ರಲ್ಲಿ 228 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಇಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಾದುವು. ಇದು ಅಲ್ಲಗಳೆಯಲಾಗದ ಲಾಭ. ಆದರೆ ಅದೇ ಸಮೀಕ್ಷೆಯಂತೆ ನೂರಕ್ಕೆ 31ರಷ್ಟು ಹೆರಿಗೆಗಳು ಶಸ್ತ್ರಕ್ರಿಯೆಯಿಂದಾದುವು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು. ಎಲ್ಲೆಯು ಈಗ ಇನ್ನೊಂದು ಕಡೆಯಿಂದ ಅಳಿಯುತ್ತಿದೆಯೆಂದು ಇದರಿಂದ ತೋರುತ್ತದೆ. ಭಾರತ ಸರಕಾರವು 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ಸಹಜಪ್ರಸವಗಳನ್ನು ವಿಶೇಷ ಶಿಕ್ಷಣ ಪಡೆದ ದಾದಿಯರಿಗೆ ಒಪ್ಪಿಸಿ, ತೊಡಕಿನವನ್ನು ವೈದ್ಯರಿಗೆ ಕಳುಹಿಸಬೇಕೆಂದು ಸೂಚಿಸಿತು. ಸಂಹಿತೆಗಳು ಹೇಳಿದ ವಿಭಾಗವೇ ಹೊಸ ವೇಷದಿಂದ ಮರಳಿದೆ.

ಅದೇ 2018ರಲ್ಲಿ ಪಾವಗಡದ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಆ ವರ್ಷದ ಡಿಸೆಂಬರ್ 25ರಂದು ಅವರು ದಿವಂಗತರಾದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿಯುಳ್ಳ ಅವರು ವಿದ್ಯೆಯನ್ನು ಕಲಿತುದು ಅಜ್ಜಿಯಿಂದ, ಗ್ರಂಥದಿಂದಲ್ಲ. ಕನ್ನಡದ ವೈದ್ಯಗ್ರಂಥಗಳನ್ನು ಓದುಬಲ್ಲ ಪುರುಷರು ಬರೆದಿಟ್ಟರು. ಸೂಲಗಿತ್ತಿಯ ವಿದ್ಯೆಯು ಕೈಯಿಂದ ಕೈಗೆ ಸಾಗಿತು. ಯಾವ ಲಕ್ಷಣವನ್ನು ಕಂಡು ಅವಳು ಇನ್ನು ತನ್ನ ಕೈಯಲ್ಲಾಗದೆಂದು ತಿಳಿಯುತ್ತಿದ್ದಳು, ಅದಕ್ಕೆ ಯಾವ ಮಾತನ್ನು ಬಳಸುತ್ತಿದ್ದಳು ಎಂಬುದನ್ನು ಗ್ರಾಮಗಳಲ್ಲಿ ಉಳಿದಿರುವ ವೃದ್ಧೆಯರಿಂದ ಕೇಳಿ ಬರೆದಿಡುವುದು ವಿದ್ವಾಂಸರ ಕರ್ತವ್ಯ. ಆಸ್ಪತ್ರೆಯು ಅವಳ ಸ್ಥಾನವನ್ನು ತೆಗೆದುಕೊಂಡುದು ಬಹುಮಟ್ಟಿಗೆ ಹಿತವೇ ಆಯಿತು. ಅವಳ ಅರಿವು ದಾಖಲೆಯಿಲ್ಲದೆ ಅಳಿದರೆ ಅದು ಶಾಸ್ತ್ರಕ್ಕೂ ಭಾಷೆಗೂ ಆಗುವ ನಷ್ಟ.