ಗರ್ಭಿಣಿಯ ರಕ್ತದೊತ್ತಡ: ಮೂರನೆಯ ತಿಂಗಳಲ್ಲೇ ಮುನ್ಸೂಚನೆ ನೀಡುವ ಡಾಪ್ಲರ್ ಸ್ಕ್ಯಾನಿಂಗ್

ಗರ್ಭ ನಿಂತ 20 ವಾರಗಳ ನಂತರ ರಕ್ತದೊತ್ತಡವು 140/90 ಅಥವಾ ಅದಕ್ಕೂ ಮೇಲೇರಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅಥವಾ ಯಕೃತ್ತು, ಮೂತ್ರಪಿಂಡ, ಮಿದುಳು ಮೊದಲಾದ ಅಂಗಗಳಿಗೆ ತೊಂದರೆಯಾದರೆ ಆ ಸ್ಥಿತಿಯನ್ನು ಪ್ರಿ-ಎಕ್ಲಾಂಪ್ಸಿಯಾ ಎಂದು ಕರೆಯಲಾಗುತ್ತದೆ. ಇದರ ಮುಂದಿನ ಹಂತದಲ್ಲಿ ಫಿಟ್ಸ್ ಬಂದರೆ ಅದು ಎಕ್ಲಾಂಪ್ಸಿಯಾ. ನೂರು ಗರ್ಭಿಣಿಯರಲ್ಲಿ 2ರಿಂದ 8 ಮಂದಿಯನ್ನು ಕಾಡುವ ಈ ರೋಗದಿಂದ ಪ್ರತಿ ವರ್ಷ ಸುಮಾರು 46,000 ತಾಯಂದಿರೂ 5 ಲಕ್ಷದಷ್ಟು ಭ್ರೂಣ ಹಾಗೂ ನವಜಾತ ಶಿಶುಗಳೂ ಸಾವನ್ನಪ್ಪುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ರಕ್ತದೊತ್ತಡ ಏರಿದ್ದು ಗೊತ್ತಾಗುವ ವೇಳೆಗೆ ರೋಗ ಹಳೆಯದಾಗಿರುತ್ತದೆ ಎಂಬುದೇ ಇಲ್ಲಿನ ದೊಡ್ಡ ತೊಡಕು. ಒಮ್ಮೆ ಕಾಣಿಸಿಕೊಂಡ ಮೇಲೆ ಹೆರಿಗೆಯ ಹೊರತು ಬೇರೆ ಪರಿಹಾರವಿಲ್ಲ. ಔಷಧಿಗಳು ಒತ್ತಡವನ್ನು ಹತೋಟಿಯಲ್ಲಿಡುತ್ತವೆ, ಫಿಟ್ಸ್ ತಡೆಯುತ್ತವೆ, ರೋಗವನ್ನು ಹೋಗಲಾಡಿಸುವುದಿಲ್ಲ. ಹೀಗಾಗಿ 28–30 ವಾರಗಳಲ್ಲೇ ರೋಗ ಉಲ್ಬಣಿಸಿದರೆ, ತಾಯಿಯನ್ನು ಉಳಿಸಲು ಇನ್ನೂ ಬಲಿಯದ ಮಗುವನ್ನು ಹೊರತೆಗೆಯಬೇಕಾದ ಕಠಿಣ ನಿರ್ಧಾರ ವೈದ್ಯರ ಮುಂದೆ ಬರುತ್ತದೆ. ಈ ಕಾರಣಕ್ಕಾಗಿಯೇ ರೋಗವನ್ನು ತಿಂಗಳುಗಳ ಮೊದಲೇ ಊಹಿಸುವ ವಿಧಾನಕ್ಕಾಗಿ ವೈದ್ಯವಿಜ್ಞಾನ ಬಹುಕಾಲ ಹುಡುಕಾಟ ನಡೆಸಿತು.

ಬೇರು ಮಾಸಿನಲ್ಲಿದೆ

ಹಿಂದೆ ಈ ರೋಗವನ್ನು ಟಾಕ್ಸೀಮಿಯಾ, ಅಂದರೆ ರಕ್ತಕ್ಕೆ ನಂಜೇರುವುದು ಎಂದು ಕರೆಯುತ್ತಿದ್ದರು. ಅಂತಹ ನಂಜು ಯಾವುದೂ ಸಿಗಲಿಲ್ಲ. 1960ರ ದಶಕದ ಕೊನೆಯಲ್ಲಿ ಬ್ರೋಸೆನ್ಸ್, ರಾಬರ್ಟ್‌ಸನ್ ಮತ್ತು ಡಿಕ್ಸನ್ ಎಂಬ ಸಂಶೋಧಕರು ಗರ್ಭಕೋಶದ ಗೋಡೆಯ ಸುರುಳಿ ರಕ್ತನಾಳಗಳತ್ತ ಗಮನ ಸೆಳೆದರು. ಸಹಜ ಬಸಿರಿನಲ್ಲಿ ಮಾಸಿನ ಜೀವಕೋಶಗಳು ಈ ಕಿರಿದಾದ ನಾಳಗಳೊಳಗೆ ನುಗ್ಗಿ, ಅವುಗಳ ಸ್ನಾಯುಪದರವನ್ನು ಕರಗಿಸಿ ಅಗಲವಾದ ಕಾಲುವೆಗಳನ್ನಾಗಿ ಮಾಡುತ್ತವೆ. ಆಗ ರಕ್ತವು ಸರಾಗವಾಗಿ ಹರಿದು ಮಗುವಿಗೆ ಪೋಷಣೆ ದೊರೆಯುತ್ತದೆ. ಈ ಕೆಲಸ ಅರೆಬರೆಯಾದರೆ ನಾಳಗಳು ಬಿಗಿಯಾಗಿಯೇ ಉಳಿಯುತ್ತವೆ. ರಕ್ತ ಸಾಲದ ಮಾಸು ಹೊರಸೂಸುವ ವಸ್ತುಗಳು ತಾಯಿಯ ದೇಹದ ರಕ್ತನಾಳಗಳನ್ನೆಲ್ಲ ಕೆಡಿಸುತ್ತವೆ. ವಿಶೇಷವಾಗಿ ಅವಧಿಗೆ ಮುನ್ನವೇ ತಲೆದೋರುವ ರೋಗಕ್ಕೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ.

ಮುಂದಿರುವ ನಾಳಗಳು ಬಿಗಿಯಾಗಿದ್ದರೆ ಅವುಗಳಿಗೆ ರಕ್ತ ಪೂರೈಸುವ ಗರ್ಭಕೋಶದ ಅಪಧಮನಿಯಲ್ಲಿ ಹರಿವಿಗೆ ತಡೆ ಹೆಚ್ಚಬೇಕಷ್ಟೆ. ಆ ತಡೆಯನ್ನು ಅಳೆಯುವುದೇ ಡಾಪ್ಲರ್ ಸ್ಕ್ಯಾನಿಂಗ್. ಲಂಡನ್ನಿನ ಸ್ಟುವರ್ಟ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಪರೀಕ್ಷೆ ಹೇಗೆ?

ಇದಕ್ಕಾಗಿ ಬೇರೆ ಯಂತ್ರ ಬೇಕಿಲ್ಲ. 11ರಿಂದ 14 ವಾರಗಳೊಳಗೆ ಮಾಡುವ, ನಗರಗಳಲ್ಲಿ ‘ಎನ್‌ಟಿ ಸ್ಕ್ಯಾನ್’ ಎಂದೇ ಪರಿಚಿತವಾದ ಪರೀಕ್ಷೆಯ ಹೊತ್ತಿನಲ್ಲೇ ಕೆಲವು ನಿಮಿಷ ಹೆಚ್ಚು ವ್ಯಯಿಸಿದರೆ ಸಾಕು. ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು ಗರ್ಭಕೋಶದ ಕಂಠದ ಎರಡೂ ಬದಿಯ ಅಪಧಮನಿಗಳನ್ನು ಬಣ್ಣದ ಡಾಪ್ಲರ್‌ನಿಂದ ಗುರುತಿಸಿ, ಹರಿವಿನ ಅಲೆಗಳನ್ನು ದಾಖಲಿಸಲಾಗುತ್ತದೆ. ಹೃದಯ ಬಡಿದಾಗಿನ ಗರಿಷ್ಠ ವೇಗದಿಂದ ಬಡಿತದ ಕೊನೆಯ ಕನಿಷ್ಠ ವೇಗವನ್ನು ಕಳೆದು, ಸರಾಸರಿ ವೇಗದಿಂದ ಭಾಗಿಸಿದರೆ ದೊರೆಯುವ ಅಂಕಿಗೆ ಪಲ್ಸಟಿಲಿಟಿ ಇಂಡೆಕ್ಸ್ ಎಂದು ಹೆಸರು. ಎರಡೂ ಬದಿಯ ಸರಾಸರಿ ಈ ಅವಧಿಯಲ್ಲಿ ಸುಮಾರು 2.35ನ್ನು ಮೀರಿದರೆ ತಡೆ ಹೆಚ್ಚಿದೆ ಎಂದರ್ಥ. ಅಲೆಯಲ್ಲಿ ಕಾಣುವ ಕಚ್ಚಿಗೆ ಹಿಂದೆ ಬಹಳ ಮಹತ್ವವಿತ್ತು. ಮೂರನೆಯ ತಿಂಗಳಲ್ಲಿ ಅದು ಆರೋಗ್ಯವಂತರಲ್ಲೂ ಸಾಮಾನ್ಯ. ವರದಿಯಲ್ಲಿ ಕಚ್ಚು ಎಂದು ಬರೆದಿದೆಯೆಂದು ಗಾಬರಿಪಡಬೇಕಿಲ್ಲ.

ಡಾಪ್ಲರ್ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ತಡೆ ಹೆಚ್ಚಿದ್ದ ಅನೇಕರಿಗೆ ಏನೂ ಆಗುವುದಿಲ್ಲ, ಸಹಜವಾಗಿದ್ದ ಕೆಲವರಿಗೆ ರೋಗ ಬರುತ್ತದೆ. ಲಂಡನ್ನಿನ ಫೀಟಲ್ ಮೆಡಿಸಿನ್ ಫೌಂಡೇಶನ್‌ನ ಕಿಪ್ರೋಸ್ ನಿಕೊಲಾಯ್ಡಿಸ್ ತಂಡವು ಇದಕ್ಕೆ ತಾಯಿಯ ವಯಸ್ಸು, ತೂಕ, ಹಿಂದಿನ ಹೆರಿಗೆಗಳ ವಿವರ, ಎರಡೂ ತೋಳುಗಳಲ್ಲಿ ಅಳೆದ ರಕ್ತದೊತ್ತಡದ ಸರಾಸರಿ ಹಾಗೂ ಮಾಸಿನಿಂದ ಬರುವ ಪಿಎಲ್‌ಜಿಎಫ್ ಎಂಬ ಪ್ರೋಟೀನಿನ ರಕ್ತಪರೀಕ್ಷೆಯನ್ನು ಜೋಡಿಸಿ ಲೆಕ್ಕ ಹಾಕಿತು. ನೂರರಲ್ಲಿ ಹತ್ತು ಮಂದಿಗೆ ಅನಗತ್ಯವಾಗಿ ‘ಅಪಾಯವಿದೆ’ ಎಂದು ಹೇಳುವುದನ್ನು ಒಪ್ಪಿಕೊಂಡರೆ, 37 ವಾರಗಳಿಗೆ ಮೊದಲೇ ಹೆರಿಗೆ ಮಾಡಿಸಬೇಕಾಗುವ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ಹೀಗೆ ಗುರುತಿಸಬಹುದು. ದಿನ ತುಂಬಿದ ಮೇಲೆ ಬರುವ ರೋಗದಲ್ಲಿ ಅರ್ಧದಷ್ಟೂ ಸಿಗುವುದಿಲ್ಲ. ಅಂದಹಾಗೆ, ಈ ಲೆಕ್ಕದಲ್ಲಿ ರಕ್ತದೊತ್ತಡದ ಪಟ್ಟಿಗೆ ಡಾಪ್ಲರಿನಷ್ಟೇ ಬೆಲೆಯಿದೆ. ಐದು ನಿಮಿಷ ಕೂರಿಸದೆ ಅವಸರದಲ್ಲಿ ಬಿಪಿ ನೋಡಿದರೆ ದುಬಾರಿ ಸ್ಕ್ಯಾನಿಂಗ್ ಕೂಡ ಅರ್ಧ ವ್ಯರ್ಥ.

ಆಸ್ಪಿರಿನ್ ಮತ್ತು 16 ವಾರಗಳ ಗಡಿ

ಮುನ್ಸೂಚನೆ ದೊರೆತು ಮಾಡುವುದೇನು? 1994ರಲ್ಲಿ ಪ್ರಕಟವಾದ ‘ಕ್ಲಾಸ್ಪ್’ ಅಧ್ಯಯನದಲ್ಲಿ 9,364 ಮಹಿಳೆಯರನ್ನು ಸೇರಿಸಿಕೊಂಡು 60 ಮಿಲಿಗ್ರಾಂ ಆಸ್ಪಿರಿನ್ ಪ್ರಯೋಗಿಸಲಾಯಿತು. ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಔಷಧಿಯನ್ನು 16 ವಾರಗಳೊಳಗೆ ಆರಂಭಿಸಿದರೆ ಫಲಿತಾಂಶ ಬೇರೆ ಎಂಬುದು ನಂತರದ ವಿಶ್ಲೇಷಣೆಗಳಿಂದ ತಿಳಿಯಿತು. 2017ರ ‘ಆಸ್ಪ್ರೆ’ ಅಧ್ಯಯನದಲ್ಲಿ ಮೇಲಿನ ಸಂಯುಕ್ತ ಪರೀಕ್ಷೆಯಿಂದ ಆರಿಸಿದ 1,776 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ 36 ವಾರಗಳವರೆಗೆ ಪ್ರತಿ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿ ಮಾತ್ರೆ ನೀಡಲಾಯಿತು. ಅವಧಿಪೂರ್ವ ಪ್ರಿ-ಎಕ್ಲಾಂಪ್ಸಿಯಾ ಶೇ. 4.3ರಿಂದ ಶೇ. 1.6ಕ್ಕೆ ಇಳಿಯಿತು. ಅಂತರರಾಷ್ಟ್ರೀಯ ಪ್ರಸೂತಿ ತಜ್ಞರ ಒಕ್ಕೂಟ ‘ಫಿಗೊ’ 2019ರಲ್ಲಿ ಇಂತಹ ತಪಾಸಣೆಯನ್ನು ಶಿಫಾರಸು ಮಾಡಿತು.

ಮಹತ್ವವಿರುವುದು ಗಡುವಿನಲ್ಲಿ. ಐದನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಡಾಪ್ಲರ್ ಇನ್ನೂ ಸ್ಪಷ್ಟವಾಗಿ ಅಪಾಯವನ್ನು ತೋರಿಸಬಲ್ಲದು, ಆದರೆ ಆಗ ಆಸ್ಪಿರಿನ್ನಿನ ಕಾಲ ಮೀರಿರುತ್ತದೆ. ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆ ಹೇಳದಿರುವುದು ನಮ್ಮಲ್ಲಿ ಅನೇಕ ಮನೆಗಳ ರೂಢಿ. ಸುದ್ದಿ ಗುಟ್ಟಾಗಿರಲಿ, ಆಸ್ಪತ್ರೆಯ ಮೊದಲ ಭೇಟಿ ಮಾತ್ರ ಅಲ್ಲಿಯವರೆಗೆ ಮುಂದೂಡಲ್ಪಡಬಾರದು.

ನಮ್ಮಲ್ಲಿನ ಸ್ಥಿತಿ

ಪಿಎಲ್‌ಜಿಎಫ್ ಪರೀಕ್ಷೆಗೂ ತರಬೇತಿ ಪಡೆದ ಸೋನೋಗ್ರಾಫರಿಗೂ ಹಳ್ಳಿಯ ಗರ್ಭಿಣಿ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಇನ್ನೊಂದು ದಾರಿಯನ್ನು ಸೂಚಿಸಿದ ಅಧ್ಯಯನದಲ್ಲಿ ಕರ್ನಾಟಕದ ಪಾಲೂ ಇದೆ. ಬೆಳಗಾವಿ, ನಾಗಪುರ ಸೇರಿದಂತೆ ಆರು ದೇಶಗಳಲ್ಲಿ ಚೊಚ್ಚಲ ಗರ್ಭಿಣಿಯರಿಗೆ ಡಾಪ್ಲರ್ ಮುಂತಾದ ಆಯ್ಕೆಯ ಪರೀಕ್ಷೆಗಳಿಲ್ಲದೆಯೇ 14 ವಾರಗಳೊಳಗೆ 81 ಮಿಲಿಗ್ರಾಂ ಆಸ್ಪಿರಿನ್ ಆರಂಭಿಸಿ ನೋಡಲಾಯಿತು. ಸುಮಾರು 12,000 ಮಹಿಳೆಯರ ಈ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅವಧಿಪೂರ್ವ ಹೆರಿಗೆಗಳು ಶೇ. 13.1ರಿಂದ ಶೇ. 11.6ಕ್ಕೆ ಇಳಿದವು. ರಕ್ತದೊತ್ತಡದ ಒಟ್ಟು ಪ್ರಕರಣಗಳು ಕಡಿಮೆಯಾಗಲಿಲ್ಲ. ಎಲ್ಲರಿಗೂ ಅಲ್ಪಪ್ರಮಾಣದ ಮಾತ್ರೆ ಕೊಡುವುದು ಸುಲಭ ನಿಜ. ಯಾರನ್ನು ಹೆಚ್ಚು ನಿಗಾದಲ್ಲಿಡಬೇಕೆಂಬುದನ್ನು ಅದು ತಿಳಿಸದು. ಅದಕ್ಕೆ ತಪಾಸಣೆಯೇ ಬೇಕು.

ಭಾರತದಲ್ಲಿ ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ‘ಎಫ್’ ನಮೂನೆ ತುಂಬಬೇಕಾದ್ದು ಕಡ್ಡಾಯ. ಡಾಪ್ಲರ್ ಪರೀಕ್ಷೆಗೂ ವಿನಾಯಿತಿಯಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ನಡೆಯುತ್ತದೆ. ಆಸ್ಪಿರಿನ್ ಅಗ್ಗದ ಮಾತ್ರೆಯೆಂದು ತಾವಾಗಿಯೇ ನುಂಗುವುದು ಸಲ್ಲದು. ಹೊಟ್ಟೆಯ ಹುಣ್ಣು, ರಕ್ತಸ್ರಾವದ ತೊಂದರೆ ಅಥವಾ ಅಲರ್ಜಿ ಇರುವವರಿಗೆ ಅದು ಹಾನಿಕರ.

ತಪಾಸಣೆಯಲ್ಲಿ ಅಪಾಯ ಕಡಿಮೆ ಎಂದು ಬಂದವರಿಗೂ ಪ್ರತಿ ಭೇಟಿಯಲ್ಲಿ ರಕ್ತದೊತ್ತಡ ನೋಡಲೇಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ನೋವು, ಮುಖ-ಕೈಗಳ ದಿಢೀರ್ ಊತ ಕಂಡುಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೆರಿಗೆಯ ನಂತರದ ಆರು ವಾರಗಳಲ್ಲೂ ಈ ರೋಗ ಹೊಸದಾಗಿ ತಲೆದೋರಬಹುದಾದ್ದರಿಂದ ಬಾಣಂತಿಯರಿಗೂ ಇದು ಅನ್ವಯಿಸುತ್ತದೆ.