112ಕ್ಕೆ ಫೋನ್ ಮಾಡಿದ್ರೆ ಆ ಕಡೆಯ ದನಿ ಹೇಗಿರಬೇಕು? ಕರೆ ಎತ್ತುವವರ ತರಬೇತಿ ಬಗ್ಗೆ ತಿಳಿಯಿರಿ

ಸತ್ತೇಗಾಲ: "ಸಾ, ನಮ್ಮಣ್ಣ ರೂಮ್ ಬಾಗ್ಲಾಕೊಂಡವ್ನೆ. ಬದುಕೋದೇ ಬ್ಯಾಡ ಅಂತಾವ್ನೆ. ಬೇಗ ಬನ್ನಿ..."

ರಾತ್ರಿ ಹೊತ್ತು ಸತ್ತೇಗಾಲದ ಒಂದು ಮನೆಯಿಂದ 112ಕ್ಕೆ ಇಂಥ ಕರೆ ಹೋಯಿತು ಅಂದುಕೊಳ್ಳಿ. ಫೋನ್ ಎತ್ತುವವರು ಇರುವುದು ಬೆಂಗಳೂರಿನಲ್ಲಿ. ಗಾಡಿ ಕಳಿಸುವುದು ಜಿಲ್ಲೆಯ ಕಂಟ್ರೋಲ್ ರೂಮ್. ಗಾಡಿ ಬಂದು ನಿಲ್ಲುವವರೆಗೆ ಆ ಮನೆಯವರಿಗೆ ಆಸರೆ ಫೋನಿನಲ್ಲಿರುವ ದನಿ ಮಾತ್ರ. ಆ ದನಿಯನ್ನು ತಯಾರು ಮಾಡುವುದೇ ಬಿಕ್ಕಟ್ಟು ನಿರ್ವಹಣೆ ತರಬೇತಿ.

ಶುರುವಾಗಿದ್ದು ಹೇಗೆ?

ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಮಾನಸಿಕ ಕಾಯಿಲೆಯಿದ್ದ ಯುವಕನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ. ಜನ ಸಿಟ್ಟಿಗೆದ್ದರು. 1988ರಲ್ಲಿ ಪೊಲೀಸರು, ಮನೋವೈದ್ಯರು, ರೋಗಿಗಳ ಕುಟುಂಬದವರು ಕೂಡಿ ಹೊಸ ಪದ್ಧತಿ ತಂದರು. ಪೊಲೀಸರಿಗೆ 40 ಗಂಟೆ ತರಬೇತಿ. ಆದರೆ ಇದು ಮನಸ್ಸಿಗೆ ಸಂಬಂಧಿಸಿದ ಕರೆ ಎಂದು ಫೋನಿನಲ್ಲೇ ಗುರುತಿಸದಿದ್ದರೆ ತರಬೇತಿ ಪಡೆದವರನ್ನು ಕಳಿಸುವುದಾದರೂ ಹೇಗೆ? ಹಾಗಾಗಿ ಕರೆ ಎತ್ತುವವರಿಗೂ ಪಾಠ ಬಂತು.

ಏನೇನು ಕಲಿಸ್ತಾರೆ?

* ಮೊದಲು ಜಾಗ ಕೇಳುವುದು. ಕರೆ ಕಟ್ಟಾದರೂ ಗಾಡಿ ಹೋಗಬೇಕು.
* ಆ ಕಡೆಯವರು ಕಿರುಚಿದರೂ ದನಿ ಏರಿಸದಿರುವುದು. ಹೆಸರು ಕೇಳಿ, ಹೆಸರು ಹಿಡಿದೇ ಮಾತಾಡಿಸುವುದು.
* "ಸಾಯುವ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ ಕೇಳುವುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ನಂಬಿಕೆ.
* "ನಾಚ್ಕೆ ಆಗಲ್ವಾ? ಹೆಂಡ್ತಿ ಮಕ್ಕಳ ಮುಖ ನೋಡು" ಎಂದು ಬುದ್ಧಿ ಹೇಳದಿರುವುದು.
* ಕೈಯಲ್ಲಿ ಆಯುಧ ಇದೆಯಾ, ಕುಡಿದಿದ್ದಾರಾ, ಮನೆಯಲ್ಲಿ ಮಕ್ಕಳಿದ್ದಾರಾ ಎಂದು ತಿಳಿದು ಗಾಡಿಯವರಿಗೆ ತಿಳಿಸುವುದು.
* ಭಾರದ ಕರೆ ಮುಗಿದ ಮೇಲೆ ತಮ್ಮ ಮನಸ್ಸನ್ನೂ ನೋಡಿಕೊಳ್ಳುವುದು.

ನಮ್ಮ ಕಡೆ ಯಾಕೆ ಮುಖ್ಯ?

ಭರಚುಕ್ಕಿ ನಮ್ಮ ಕೊಳ್ಳೇಗಾಲ ತಾಲ್ಲೂಕು. ಗಗನಚುಕ್ಕಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು. ಗಾಬರಿಯಲ್ಲಿ "ಶಿವನಸಮುದ್ರ ಫಾಲ್ಸ್" ಅಂದುಬಿಟ್ಟರೆ ಯಾವ ಜಿಲ್ಲೆಯ ಗಾಡಿ ಹೊರಡಬೇಕು? "ಹ್ಯಾಂಡ್‌ಪೋಸ್ಟ್" ಅಂದರೂ ಅದೇ ಕಥೆ. ಎಚ್.ಡಿ.ಕೋಟೆಯಲ್ಲೂ ಒಂದು ಹ್ಯಾಂಡ್‌ಪೋಸ್ಟ್ ಇದೆ. ಹನೂರು ಕಡೆ ತಮಿಳು ಮಾತಾಡುವ ಮನೆಗಳಿವೆ, ಸೋಲಿಗರ ಪೋಡುಗಳಿವೆ. ನಮ್ಮ ಮಾತಿನ ಧಾಟಿ ಬೆಂಗಳೂರಿನಲ್ಲಿ ಕೂತವರಿಗೆ ಅರ್ಥ ಆಗಬೇಕು. ಅರ್ಥ ಆಗದಿದ್ದಾಗ ರೇಗದೆ ಇನ್ನೊಮ್ಮೆ ಕೇಳುವ ತಾಳ್ಮೆ ಬೇಕು. ಅದೂ ತರಬೇತಿಯ ಭಾಗವೇ.

ಫೋನ್ ಮಾಡಿದ್ರೆ ಕೇಸ್ ಆಗುತ್ತಾ?

ಈ ಹೆದರಿಕೆಗೇ ಎಷ್ಟೋ ಮನೆಗಳವರು ಫೋನ್ ಮುಟ್ಟುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ. ಮಾನಸಿಕ ಕಾಯಿಲೆಯವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ ಲಾಕಪ್‌ನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಬೇಕು ಎನ್ನುತ್ತದೆ 100ನೇ ಕಲಂ.

ಯಾವ ನಂಬರ್ ಯಾವುದಕ್ಕೆ?

112: ಜೀವಕ್ಕೆ ಈಗಲೇ ಅಪಾಯ ಇದ್ದರೆ. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಎಲ್ಲದಕ್ಕೂ ಇದೇ ನಂಬರ್.

108: ಆಂಬ್ಯುಲೆನ್ಸ್. ರಾಜ್ಯದಲ್ಲಿ 2008ರಿಂದ ಇದೆ.

14416: ಟೆಲಿ ಮನಸ್. ಮನಸ್ಸು ಕುಗ್ಗಿದಾಗ, ನಿದ್ದೆ ಬಾರದಾಗ, ಮನೆಯವರ ಬಗ್ಗೆ ಭಯವಾದಾಗ. 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಾಲನೆ ಸಿಕ್ಕ ಸೇವೆ ಇದು. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಮಾತಾಡ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸ್ತಾರೆ.

ಕರೆ ಮಾಡುವವರು ಗಮನಿಸಿ

ಊರು, ತಾಲ್ಲೂಕು, ಹತ್ತಿರದ ಗುರುತು (ದೇವಸ್ಥಾನ, ಶಾಲೆ, ಸೇತುವೆ) ಮೊದಲು ಹೇಳಿ. ನದಿ ಹತ್ತಿರ ಇದ್ದರೆ ಯಾವ ದಡ ಎಂದು ಹೇಳಿ. ತುಂಬಾ ಪ್ರಶ್ನೆ ಕೇಳ್ತಾರೆ ಅಂತ ಬೇಜಾರಾಗಬೇಡಿ, ಬರುವವರಿಗೆ ಅದೇ ದಾರಿ. ಅವರೇ ಹೇಳುವವರೆಗೆ ಫೋನ್ ಇಡಬೇಡಿ.